ಬಾಯಿ ಮುಚ್ಚಿದ ಬಳಚು

ಎರಡನೆಯ ಮುಳುಗಡೆಯ ನೂರ ಹನ್ನೆರಡನೆಯ ವರ್ಷ,
ಹದಿಮೂರನೆಯ ತಿಂಗಳು, ನಲವತ್ತೊಂದನೆಯ ಇಳಿತ.
ಸಣ್ಣಕೋಡಿ ಅಳಿವೆ.

ಸಮೀಕ್ಷಕರಾದ ರೋಹಿತಾಕ್ಷ ಅವರಿಗೆ,

ಈ ದಿನಾಂಕ ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ಹುಡುಕಿ ಸಮಯ ಹಾಳು ಮಾಡಿಕೊಳ್ಳಬೇಡಿ. ನಾವು ದಿನಗಳನ್ನು ಬಿಟ್ಟು ನೀರು ಇಳಿಯುವುದನ್ನು ಎಣಿಸತೊಡಗಿ ಬಹಳ ಕಾಲವಾಯಿತು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀರಿನಿಂದ ಎತ್ತಿದ ಕಡತಗಳನ್ನು ಓದಿ. ಹಾಗಾಗಿ ನನ್ನ ಮಾತು ಕೆಲವು ಕಡೆ ಸರ್ಕಾರಿ ಸುತ್ತೋಲೆಯ ಹಾಗೆ ಕೇಳಬಹುದು, ಕೆಲವು ಪದಗಳು ನಿಮಗೆ ವಿಚಿತ್ರ ಅನ್ನಿಸಬಹುದು. ಅದಕ್ಕೆ ಕ್ಷಮೆ ಇರಲಿ. ಇದರ ಮುಂದೆ ಬರೆಯುವ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ.

ನನ್ನ ಹೆಸರು ಬೊಮ್ಮಿ. ಈ ಅಳಿವೆಯ ಎಣಿಕೆಗಾರ್ತಿ. ಇಳಿತದಲ್ಲಿ ಬಳಚಿನ ದಿಣ್ಣೆಗೆ ಹೋಗಿ, ಒಂದು ಮಾರು ಉದ್ದ ಒಂದು ಮಾರು ಅಗಲದ ಚೌಕಟ್ಟು ಇಟ್ಟು, ಅದರೊಳಗೆ ಮರಳಿನಲ್ಲಿ ಹುದುಗಿರುವ ಬಳಚನ್ನು, ಆ ಜೋಡಿಚಿಪ್ಪಿನ ಜೀವಿಗಳನ್ನು, ಎಣಿಸಿ ನೀರುಕೂಟಕ್ಕೆ ಒಪ್ಪಿಸುವುದು ನನ್ನ ಕೆಲಸ. ನೀರುಕೂಟವೆಂದರೆ ಹನ್ನೊಂದು ಜನರ ಸಭೆ. ಯಾರು ಯಾವ ನೀರಿನಲ್ಲಿ ಏನು ತೆಗೆಯಬಹುದು ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ. ನೀವು ಈಗ ಓದುತ್ತಿರುವ, ಹಿಂದಿನ ಕಾಲಕ್ಕೆ ಕಳಿಸುವ ಇಂಥ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಒಬ್ಬರಿಗೆ ಇಡೀ ಜೀವಮಾನದಲ್ಲಿ ಒಂದೇ ಹಿಂದೋಲೆ. ಹೆಚ್ಚಿನವರು ಅದನ್ನು ತೀರಿಕೊಂಡ ಅಮ್ಮನಿಗೋ ಗಂಡನಿಗೋ ಬರೆಯುತ್ತಾರೆ. ನನಗೂ ಅಮ್ಮನಿಗೆ ಬರೆಯುವುದಿತ್ತು. ಆ ಒಂದನ್ನು ನಿಮಗೆ ಖರ್ಚು ಮಾಡುತ್ತಿದ್ದೇನೆ ಎಂಬುದೇ ನನ್ನ ಸಿಟ್ಟಿನ ಮೊದಲ ಕಾರಣ.

ನೀವು ಬುಧವಾರ, ಫೆಬ್ರವರಿ ಹದಿನೇಳರಂದು, ನಮ್ಮ ದಿಣ್ಣೆಗೆ ಬಂದಿದ್ದಿರಿ. ಈ ಕಾಗದ ಕೈಸೇರುವ ಹೊತ್ತಿಗೆ ಅದು ನಿಮಗೆ ನಿನ್ನೆಯ ಮಾತು. ಪ್ಯಾಂಟಿನ ಮಡಿಕೆಯಲ್ಲಿ ಇನ್ನೂ ಕೆಸರಿರಬೇಕು. ಹೆಚ್ಚೇನೂ ಇರಲಾರದು, ಏಕೆಂದರೆ ನೀವು ದಡದಿಂದ ಇಪ್ಪತ್ತು ಹೆಜ್ಜೆಯೂ ಒಳಗೆ ಹೋಗಲಿಲ್ಲ. ದಡದ ಹತ್ತಿರ ಆರು ಚೌಕಟ್ಟು ಹಾಕಿದಿರಿ. ನಿಮ್ಮ ಜರಡಿಯ ಕಣ್ಣು ಹೆಬ್ಬೆರಳು ದಾಟುವಷ್ಟು ದೊಡ್ಡದು. ಉಗುರಿನಷ್ಟಿರುವ ಮರಿ ಅದರಲ್ಲಿ ನಿಲ್ಲುವ ಮಾತೇ ಇಲ್ಲ. ನಿಮ್ಮ ನಮೂನೆಯಲ್ಲಿ ಎರಡೇ ಕಾಲಂ: ಬಾಯಿ ತೆರೆದದ್ದು ಸತ್ತದ್ದು, ಬಾಯಿ ಮುಚ್ಚಿದ್ದು ಜೀವಂತ. ಹಾಗೆ ಎಣಿಸಿ, ಚೌಕಟ್ಟಿಗೆ ಮುನ್ನೂರ ಇಪ್ಪತ್ತು ಜೀವಂತ ಬಳಚು, ಎಲ್ಲವೂ ಬಲಿತವು, ವರ್ಷಕ್ಕೆ ಅರ್ಧದಷ್ಟು ತೆಗೆದರೂ ತೊಂದರೆಯಿಲ್ಲ ಎಂದು ಬರೆದಿರಿ. ಅದರ ಶುದ್ಧ ಪ್ರತಿಯನ್ನು ಸೋಮವಾರ ಒಪ್ಪಿಸಲಿದ್ದೀರಿ.

ಆ ಶುದ್ಧ ಪ್ರತಿ ಉಳಿದುಕೊಂಡಿತು. ಎರಡು ಮುಳುಗಡೆಯಲ್ಲಿ ಊರುಗಳು ಹೋದವು, ಕಚೇರಿಗಳು ಹೋದವು, ನಿಮ್ಮ ಒಂದು ಹಾಳೆ ಮಾತ್ರ ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಭದ್ರವಾಗಿ ಕೂತಿತ್ತು. ತುಂಬಿದ ಕಾಲದ ಅಳಿವೆ ಹೇಗಿತ್ತು ಎಂದು ಹೇಳುವ ಬೇರೆ ದಾಖಲೆಯೇ ನಮಗೆ ಸಿಗದ ಕಾರಣ, ನಮ್ಮ ಹಿರಿಯರು ಅದನ್ನೇ ಕಾನೂನು ಮಾಡಿಕೊಂಡರು. ಅದನ್ನು ಪಟ್ಟಿ ಎನ್ನುತ್ತೇವೆ. ಪಟ್ಟಿಯಲ್ಲಿರುವುದು ಅರ್ಧದ ಸೂತ್ರ. ನಮ್ಮ ಮಕ್ಕಳು ಈಜು ಕಲಿಯುವ ಮೊದಲೇ ಅದನ್ನು ಬಾಯಿಪಾಠ ಮಾಡುತ್ತಾರೆ.

ನಿಮ್ಮ ಕಾಲದಲ್ಲಿ ಬಳಚು ಹೋದದ್ದು ಹೇಗೆಂದು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಮಳೆ ಮುಗಿದು ನೀರಿಗೆ ಉಪ್ಪು ಮರಳುವಾಗ ಬಳಚು ಬೀಜ ಬಿಡುತ್ತದೆ. ಮರಿ ಕೆಲವು ದಿನ ನೀರಿನಲ್ಲಿ ತೇಲಿ, ಆಮೇಲೆ ಮರಳು ಹಿಡಿದು ಕೂರುತ್ತದೆ. ಆ ಹೊತ್ತಿಗೆ ಮೇಲಿನಿಂದ ಸಿಹಿನೀರು ನುಗ್ಗಿದರೆ ಆ ವರ್ಷದ ಮರಿಯೆಲ್ಲ ಹೋದಂತೆ. ಇದು ಹೊಸದೇನಲ್ಲ. ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷ ಮರಿ ಇಲ್ಲದೆ ಹೋಗುವುದು ಈ ಅಳಿವೆಗೆ ಅಭ್ಯಾಸವೇ ಇತ್ತು. ಹಳೆಯವು ಒತ್ತಾಗಿ ಉಳಿದಿದ್ದರೆ ಮೂರನೆಯ ವರ್ಷ ದಿಣ್ಣೆ ಮತ್ತೆ ತುಂಬುತ್ತಿತ್ತು. ನೀವು ಬಂದದ್ದು ಮರಿ ಇಲ್ಲದ ಎರಡನೆಯ ವರ್ಷ. ನಿಮ್ಮ ಜರಡಿಗೆ ಅದು ಕಾಣಲಿಲ್ಲ. ನಿಮ್ಮ ಮಾತಿನ ಮೇಲೆ ಯಂತ್ರ ತಂದು ಅರ್ಧ ಬಗೆದರು. ಮುಂದಿನ ವರ್ಷ ಉಳಿದದ್ದರಲ್ಲಿ ಅರ್ಧ. ಬಳಚು ಗಂಡು ಹೆಣ್ಣು ಒಂದನ್ನೊಂದು ಹುಡುಕಿಕೊಂಡು ಹೋಗುವ ಪ್ರಾಣಿಯಲ್ಲ. ಇದ್ದಲ್ಲಿಂದಲೇ ನೀರಿಗೆ ಬಿಡಬೇಕು, ಪಕ್ಕದಲ್ಲಿ ಇನ್ನೊಂದು ಇರಬೇಕು. ದೂರ ದೂರ ಆದ ಮೇಲೆ ಬಿಟ್ಟದ್ದೆಲ್ಲ ವ್ಯರ್ಥ. ಮೂರು ಮಳೆಗಾಲಕ್ಕೆ ದಿಣ್ಣೆ ಬರಿದಾಯಿತು, ಮತ್ತೆ ತುಂಬಲಿಲ್ಲ.

ಅದಾದ ಮೇಲಿನ ಬದುಕು ಹೀಗಿದೆ. ನೀರನ್ನು ತಿಳಿ ಮಾಡುತ್ತಿದ್ದವು ಆ ಸಣ್ಣ ಪ್ರಾಣಿಗಳು. ಅವು ಹೋದ ಮೇಲೆ ಅಳಿವೆ ವರ್ಷವಿಡೀ ಅಕ್ಕಿ ತೊಳೆದ ನೀರಿನ ಬಣ್ಣದಲ್ಲೇ ಇರುತ್ತದೆ. ಮೊಣಕಾಲಿನ ಕೆಳಗೆ ಏನಿದೆ ಎಂದು ನಾನು ನನ್ನ ನಲವತ್ತೆಂಟು ವರ್ಷದಲ್ಲಿ ಕಂಡಿಲ್ಲ. ಕೆಸರುಹಲಗೆ ಕಟ್ಟಿಕೊಂಡು ಜಾರುತ್ತಾ ಓಡಾಡುತ್ತೇವೆ, ಮನೆಗಳನ್ನು ಪೀಪಾಯಿಗಳ ಮೇಲೆ ತೇಲಿಸಿಕೊಂಡಿದ್ದೇವೆ, ಕುಡಿಯುವ ನೀರನ್ನು ಮೂರು ಬಟ್ಟೆಯಲ್ಲಿ ಸೋಸಿ ಎರಡು ಸಲ ಕುದಿಸುತ್ತೇವೆ. ಮದುವೆಯ ಊಟಕ್ಕೆ ಇಂದಿಗೂ ಬಳಚಿನ ಸಾರು ಬಡಿಸುತ್ತೇವೆ. ಬಳಚು ಮಾತ್ರ ಇರುವುದಿಲ್ಲ. ತೆಂಗಿನಕಾಯಿ ಅರೆದು, ಮೆಣಸು ಹುರಿದು, ಹುಣಸೆ ಹಾಕಿ, ಪೆಟ್ಟಿಗೆಯಲ್ಲಿಟ್ಟ ಹಳೆಯ ಖಾಲಿ ಚಿಪ್ಪುಗಳನ್ನು ಅದರಲ್ಲಿ ಕುದಿಸುತ್ತಾರೆ. ಒಬ್ಬೊಬ್ಬರ ಬಟ್ಟಲಿಗೆ ಒಂದೊಂದು ಚಿಪ್ಪು. ಊಟವಾದ ಮೇಲೆ ತೊಳೆದು, ಎಣಿಸಿ, ವಾಪಸು ಕೊಡಬೇಕು. ಚಿಕ್ಕವಳಿದ್ದಾಗ ಒಮ್ಮೆ ಚಿಪ್ಪನ್ನು ಕಚ್ಚಿ ಅಮ್ಮನ ಕೈಯಲ್ಲಿ ಪೆಟ್ಟು ತಿಂದಿದ್ದೇನೆ. ನಾಲ್ಕು ತಲೆಮಾರಿನಲ್ಲಿ ನಮ್ಮ ಪೈಕಿ ಯಾರಿಗೂ ಆ ರುಚಿ ಸರಿಯಾಗಿ ಗೊತ್ತಿಲ್ಲ.

ಎರಡು ಸಲ ನಾವು ದಕ್ಷಿಣದ ಅಳಿವೆಯೊಂದರಿಂದ ಬೀಜದ ಬಳಚು ತಂದು ಬಿತ್ತಿದೆವು. ಮೊದಲನೆಯದು ನನ್ನ ಅಜ್ಜಿಯ ಕಾಲದಲ್ಲಿ. ಎರಡನೆಯದನ್ನು ನೋಡಿಕೊಂಡವಳು ನನ್ನ ಅಮ್ಮ ಹೊನ್ನೆ. ಅವಳೂ ಎಣಿಕೆಗಾರ್ತಿಯೇ. ಎಂಟು ಸಾವಿರ ಬಾಯಿ ಮುಚ್ಚಿದ ಬಳಚು ಎಣಿಸಿ, ಪಟ್ಟಿಯ ಪ್ರಕಾರ ಅರ್ಧ ತೆಗೆಯಬಹುದು ಎಂದು ನೀರುಕೂಟಕ್ಕೆ ಹೇಳಿದಳು. ಪಾತ್ರೆಗೆ ಹಾಕಿದ್ದರಲ್ಲಿ ಎಷ್ಟೋ ಚಿಪ್ಪು ಮಣ್ಣು ಕಾರಿ ಸಾರು ಕೆಟ್ಟಿತು. ತೊಳೆಯುವುದು ಸಾಲಲಿಲ್ಲ ಅಂದುಕೊಂಡರು. ಎರಡು ವರ್ಷದಲ್ಲಿ ದಿಣ್ಣೆಯ ಮೇಲೆ ಒಂದೂ ಉಳಿಯಲಿಲ್ಲ. ಅಲ್ಲಿಂದಾಚೆ ಅವಳನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಅರ್ಧದವಳು ಎಂದರು. ಅವಳ ಬಟ್ಟಲಿಗೆ ಮದುವೆಯಲ್ಲಿ ಚಿಪ್ಪು ಹಾಕುವುದನ್ನು ಬಿಟ್ಟರು. ಅವಳು ಸಾಯುವವರೆಗೂ ಇಳಿತ ಬಂದಾಗಲೆಲ್ಲ ಖಾಲಿ ದಿಣ್ಣೆಗೆ ಹೋಗಿ ಕೈಯಿಂದ ಮರಳು ಕೆದಕುತ್ತಿದ್ದಳು. ತಾನೇ ತಪ್ಪು ಎಣಿಸಿದೆ ಎಂದು ನಂಬಿಕೊಂಡೇ ಹೋದಳು. ರೋಹಿತಾಕ್ಷ ಅವರೇ, ಅವಳು ಎಣಿಸಿದ್ದರಲ್ಲಿ ಒಂದು ಬಳಚೂ ಹೆಚ್ಚುಕಡಿಮೆ ಇರಲಿಲ್ಲ. ಅವಳು ನಿಮ್ಮನ್ನು ನಂಬಿದ್ದಳು, ಅಷ್ಟೇ.

ಅದು ನನಗೆ ತಿಳಿದದ್ದು ಹೋದ ವರ್ಷ. ಮುಳುಗಿದ ಕಟ್ಟಡವೊಂದರ ಹೂಳು ತೆಗೆಯುವಾಗ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ನಿಮ್ಮ ಕ್ಷೇತ್ರ ಪುಸ್ತಕ, ಅಂದರೆ ದಿಣ್ಣೆಯ ಮೇಲೆ ನಿಂತು ಬರೆದ ಕರಡು. ಹದಿನೇಳನೆಯ ತಾರೀಖಿನ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ನಾಲ್ಕು ಸಾಲು ಇದೆ. ನಿಮಗೆ ನೆನಪಿರಬೇಕು, ಆದರೂ ಪೂರ್ತಿ ಬರೆಯುತ್ತೇನೆ. "ಒಬ್ಬ ಹೆಂಗಸು ಹೇಳಿದ್ದು: ಎಂಥ ಎಣಿಸ್ತ್ರಿ ಸಾಹೇಬ್ರೆ, ಇದ್ರಲ್ಲಿ ಅರ್ಧ ಸತ್ತದ್ದೇ. ಮಣ್ಣು ತುಂಬ್ಕಂಡು ಬಾಯಿ ಮುಚ್ಕಂಡದೆ. ಎರಡು ತಕಂಡು ತಟ್ಟಿ ನೋಡಿ, ಸದ್ದೇ ಬೇರೆ. ಮರಿ ಎಲ್ಲದೆ ತೋರ್ಸಿ ನೋಡ್ವ. ಮರಿ ಕಾಣ್ದಿದ್ ವರ್ಷ ನಾವು ಕೈ ಹಾಕೂದಿಲ್ಲ." ಅದರ ಕೆಳಗೆ ನಿಮ್ಮ ಅಕ್ಷರದಲ್ಲಿ "ಪರಿಶೀಲಿಸಬೇಕು" ಎಂದಿದೆ. ಅದರ ಮೇಲೆ ನಿಮ್ಮದೇ ಪೆನ್ನಿನ ಅಡ್ಡಗೆರೆ ಇದೆ.

ಗೊತ್ತಿಲ್ಲದೆ ಮಾಡಿದ್ದರೆ ನಾನು ನಿಮಗೆ ಒಂದಕ್ಷರ ಬರೆಯುತ್ತಿರಲಿಲ್ಲ. ನಿಮಗೆ ಹೇಳಿದ್ದರು. ಹೊಟ್ಟೆಪಾಡಿಗೆ ಆ ದಿಣ್ಣೆಯನ್ನೇ ನಂಬಿದವಳು, ಸೊಂಟ ಬಗ್ಗಿಸಿ ನಿಂತಲ್ಲಿಂದ ತಲೆಯೆತ್ತಿ, ಕೇಳದೆಯೇ ಹೇಳಿದ್ದಳು. ನೀವು ಎರಡು ಬಳಚು ಕೈಗೆತ್ತಿಕೊಂಡು ತಟ್ಟಬೇಕಿತ್ತು. ಅದಕ್ಕೆ ಯಾವ ಯಂತ್ರ ಬೇಕಿತ್ತು? ನಮೂನೆಯಲ್ಲಿ ಮೂರನೆಯ ಕಾಲಂ ಇರಲಿಲ್ಲ, ಹಾಗಾಗಿ ಬಿಟ್ಟಿರಿ. ಗೆರೆ ಎಳೆಯಲು ಸ್ಕೇಲು ಕೂಡ ಬೇಡವಾಗಿತ್ತು.

ನಾನು ತಟ್ಟಿ ನೋಡಿದೆ. ಮೂರನೆಯ ಸಲ ಬಿತ್ತಿದ ಬೀಜ ಈಗ ನಮ್ಮ ದಿಣ್ಣೆಯಲ್ಲಿದೆ. ದಕ್ಷಿಣದ ಅಳಿವೆಯೂ ಈಗ ಬರಿದಾದ್ದರಿಂದ ನಾಲ್ಕನೆಯ ಸಲ ಎಂಬುದಿಲ್ಲ. ಬಾಯಿ ಮುಚ್ಚಿದವು ಆರು ಸಾವಿರದ ಇನ್ನೂರು. ಹನ್ನೆರಡು ಇಳಿತ ಕೂತು ಒಂದೊಂದನ್ನೇ ತಟ್ಟಿದೆ. ಜೀವ ಇರುವುದು ಕಲ್ಲಿನ ಹಾಗೆ ಟಣ್ಣೆನ್ನುತ್ತದೆ, ಮಣ್ಣು ತುಂಬಿದ್ದು ದೊಪ್ಪೆನ್ನುತ್ತದೆ. ಎರಡು ಸಾವಿರದ ಒಂಬೈನೂರು ದೊಪ್ಪೆಂದವು. ಉಳಿದವುಗಳ ನಡುವೆ ನುಣ್ಣನೆಯ ಬಟ್ಟೆಯಲ್ಲಿ ಮರಳು ಸೋಸಿದರೂ ಈ ವರ್ಷದ ಒಂದು ಮರಿ ಸಿಗಲಿಲ್ಲ. ಪಟ್ಟಿಯ ಪ್ರಕಾರ ನಾಳೆ ಮೂರು ಸಾವಿರದ ನೂರು ತೆಗೆಯಬಹುದು, ಮನೆಗೆ ಹತ್ತರಂತೆ. ತೆಗೆಯುವವರು ಸತ್ತದ್ದನ್ನು ಆರಿಸಿ ತೆಗೆಯುವುದಿಲ್ಲ. ಮಣ್ಣಿನದು ಬಂದರೆ ಎಸೆದು, ಹತ್ತು ತುಂಬುವವರೆಗೆ ಹೆಕ್ಕುತ್ತಾರೆ. ಆಮೇಲೆ ದಿಣ್ಣೆಯಲ್ಲಿ ಏನು ಉಳಿಯುತ್ತದೆ ಎಂದು ನೀವೇ ಕಳೆದು ನೋಡಿ.

ನೀರುಕೂಟಕ್ಕೆ ಹೇಳಿದೆ. ಹಿರಿಯರಾದ ದುರ್ಗಯ್ಯ ಕೆಟ್ಟವರಲ್ಲ. "ನಮ್ ಮಕ್ಕಳು ರುಚಿ ನೋಡ್ದೇ ಸಾಯ್ಬೇಕಾ ಬೊಮ್ಮಕ್ಕ? ಪಟ್ಟಿಲಿ ಅರ್ಧ ಅಂತ ಬರ್ದದೆ, ನೀ ಅಮ್ಮನ ಹೆದ್ರಿಕೆಲಿ ಮಾತಾಡ್ತೆ" ಎಂದರು. ನಾನು ಪೆನ್ಸಿಲಿನ ಸಾಲು ಓದಿ ಹೇಳಿದೆ. ಆಗ ಅವರು ಕೇಳಿದ್ದು ಒಂದೇ ಪ್ರಶ್ನೆ, ಯಾರು ಹೇಳಿದ್ದು ಎಂದು. ಇಲ್ಲಿ ನಮ್ಮ ಒಂದು ಪದ್ಧತಿಯನ್ನು ನಿಮಗೆ ತಿಳಿಸಬೇಕು. ನಿಮ್ಮ ಕಾಲದ ಕೊನೆಗೆ, ಯಾರು ಹೇಳಿದರೆಂದು ಗೊತ್ತಿಲ್ಲದ ಮಾತುಗಳೇ ಲೋಕದಲ್ಲಿ ತುಂಬಿ, ನಿಜ ಯಾವುದೆಂದು ತಿಳಿಯದೆ ಜನ ಸತ್ತ ಒಂದು ಅವಧಿ ಬಂತು. ಅದಕ್ಕೆ ಸುಳ್ಳುಗಾಲ ಎನ್ನುತ್ತೇವೆ. ಅಂದಿನಿಂದ ನಮ್ಮಲ್ಲಿ ಹೆಸರಿಲ್ಲದ ಮಾತು ಸಾಕ್ಷಿಯಲ್ಲ. ಪಟ್ಟಿಯನ್ನು ತಿದ್ದಬೇಕಾದರೆ ಪಟ್ಟಿಯ ಕಾಲದವರದೇ ಮಾತು ಬೇಕು, ಆ ಮಾತಿಗೆ ಹೆಸರಿರಬೇಕು. ನಿಮ್ಮ ಹಾಳೆಯ ಕೆಳಗೆ ನಿಮ್ಮ ಹೆಸರಿದೆ, ಪದನಾಮವಿದೆ, ಮೊಹರಿದೆ. ಅವಳದು "ಒಬ್ಬ ಹೆಂಗಸು." ಹಾಗಾಗಿ ನಾಳೆ ನೀರುಕೂಟ ತೀರ್ಮಾನಕ್ಕೆ ಕೂರುವ ಸಭೆಯಲ್ಲಿ ನೀವು ಸಾಕ್ಷಿ, ಅವಳು ಅಲ್ಲ.

 

ದಿಣ್ಣೆಯನ್ನು ಉಳಿಸಿ ಎಂದು ನಾನು ಕೇಳುತ್ತಿಲ್ಲ. ನಮ್ಮವರು ನಿಮ್ಮ ಕಾಲದ ದೊಡ್ಡ ದೊಡ್ಡ ಕುರ್ಚಿಗಳಿಗೆ ನೂರಾರು ಹಿಂದೋಲೆ ಬರೆದು ಸೋತಿದ್ದಾರೆ. ದೊಡ್ಡದು ಯಾವುದೂ ಕದಲಲಿಲ್ಲ. ಪುಟದ ಮೇಲಿನ ಒಂದೆರಡು ಪದ ಮಾತ್ರ ಕೆಲವು ಸಲ ಬದಲಾದದ್ದುಂಟು. ನಾನು ಕೇಳುವುದು ಅಷ್ಟನ್ನೇ.

ಶನಿವಾರ ಹುಣ್ಣಿಮೆ. ನೀರು ಚೆನ್ನಾಗಿ ಇಳಿಯುತ್ತದೆ, ಅವಳು ಬಂದೇ ಬರುತ್ತಾಳೆ. ಜೀಪನ್ನು ದಡದಲ್ಲಿ ಬಿಟ್ಟು, ಚಪ್ಪಲಿ ತೆಗೆದು, ಅವಳು ನಿಂತಲ್ಲಿಗೆ ನೀವೇ ನಡೆದು ಹೋಗಿ. ಕೆಸರು ಮೊಣಕಾಲಿನವರೆಗೆ ಬರುತ್ತದೆ, ಅದರಿಂದ ಯಾರೂ ಸತ್ತಿಲ್ಲ. ಅವಳು ಬೈದರೆ ಬೈಸಿಕೊಳ್ಳಿ. ಅವಳ ಹೆಸರು ಕೇಳಿ. ಅವಳ ಅಮ್ಮನ ಹೆಸರನ್ನೂ ಕೇಳಿ, ನಮ್ಮಲ್ಲಿ ಅದಿಲ್ಲದೆ ಹೆಸರು ಪೂರ್ತಿಯಾಗುವುದಿಲ್ಲ. ಆಮೇಲೆ ಅಡ್ಡಗೆರೆಯ ಪಕ್ಕದಲ್ಲಿ ಪೆನ್ನಿನಲ್ಲಿ, ಓದಲು ಬರುವಂತೆ ಬರೆಯಿರಿ. ಇದಕ್ಕೆ ನಿಮಗೆ ಯಾರ ಅನುಮತಿಯೂ ಬೇಡ.

ನಿಮ್ಮ ಬಗ್ಗೆ ನನಗೆ ಗೌರವವಿಲ್ಲ, ಇದ್ದಂತೆ ನಟಿಸಿ ಈ ಕಾಗದ ಮುಗಿಸಲಾರೆ. ಆದರೆ ಕೇಳಬಹುದಾದವರು ನೀವೊಬ್ಬರೇ. ಪುಸ್ತಕ ನನ್ನ ಪಕ್ಕದಲ್ಲೇ ಇದೆ. ಈಗಷ್ಟೇ ನೋಡಿದೆ, ಇನ್ನೂ "ಒಬ್ಬ ಹೆಂಗಸು" ಎಂದೇ ಇದೆ. ಬೆಳಿಗ್ಗೆ ಸಭೆಗೆ ಹೊರಡುವ ಮೊದಲು ಇನ್ನೊಂದು ಸಲ ತೆರೆದು ನೋಡುತ್ತೇನೆ.

ಹೊನ್ನೆಯ ಮಗಳು ಬೊಮ್ಮಿ