ಮೊದಲು ಏಳುವವರು

ಸೆಪ್ಟೆಂಬರ್ 8, 1958. ಸೋಮವಾರ

ಬೀನ್ಸ್ ನೆನೆಹಾಕಿದೆ. ಹಾಯ್ಟ್‌ನ ಮಿಲ್ ಅಂಗಿಗಳಿಗೆ ಇಸ್ತ್ರಿ. ಮಧ್ಯಾಹ್ನ ಚರ್ಚಿನಲ್ಲಿ, ಈ ವಾರದ ಸುವಾರ್ತಾ ಸಭೆಗಳಿಗೆ ಕೊನೆಯ ತರಬೇತಿ — ಬ್ರದರ್ ಟ್ರೆಡ್‌ವೇ ಅವರೇ ಬಂದಿದ್ದರು! ನಮ್ಮ ಕೆರೊಲಿನಾದಲ್ಲೇ ಹತ್ತಿ ಬಿಡಿಸಿ ಬೆಳೆದವರು. ಈಗ ಅವರ ಪ್ರವಚನಕ್ಕೆ ಲಂಡನ್ನಿನಲ್ಲೂ ಮೈದಾನ ತುಂಬುತ್ತದೆ. ಕೈ ಮಾತ್ರ ಇನ್ನೂ ಒರಟು.

ನಿಯಮ ಇಷ್ಟೆ. ಅವರು "ಪಶ್ಚಾತ್ತಾಪ ಪಡುವವರು ಮುಂದೆ ಬನ್ನಿ" ಎಂದು ಕರೆದು ಹಾಡು ಶುರುವಾದ ಕೂಡಲೇ, ಜನರ ಮಧ್ಯೆ ಕೂತ ನಾವು, ಬಂದವರ ಜೊತೆ ಪ್ರಾರ್ಥಿಸುವ ಅರವತ್ತು ಸಲಹೆಗಾರರು, ಎದ್ದು ವೇದಿಕೆಯತ್ತ ನಡೆಯಬೇಕು. ಸಲಹೆಗಾರರ ಬ್ಯಾಡ್ಜ್ ಹಾಕಿಕೊಳ್ಳುವುದು ಅಲ್ಲಿ ತಲುಪಿದ ಮೇಲೆ.

"ಮೊದಲು ಏಳೋಕೆ ಎಲ್ಲರಿಗೂ ನಾಚಿಕೆ, ಸಿಸ್ಟರ್. ನೀವು ದಾರಿ ಮಾಡಿಕೊಡಿ, ಸಾಕು," ಅಂದರು.

ಸರಿ ಅನ್ನಿಸಿತು.

ಹಾಯ್ಟ್‌ನನ್ನು ಸಭೆಗೆ ಕರೆದೆ. "ಜನ ಬೇಕಾದಷ್ಟು ಬರ್ತಾರೆ. ನನ್ನ ಯಾಕೆ ಎಳೀತೀಯ?" ಅಂದ. ಮಗಳು ಓಪಲ್‌ಳನ್ನು ಮಣ್ಣು ಮಾಡಿ ಒಂಬತ್ತು ವರ್ಷ. ಅಂದಿನಿಂದ ಚರ್ಚಿನ ಹೊಸಿಲು ತುಳಿದಿಲ್ಲ ನನ್ನ ಗಂಡ.

ಸೆಪ್ಟೆಂಬರ್ 11. ಬೆಳಿಗ್ಗೆ

ನಿನ್ನೆ ಸಂಜೆ ಸಭೆಗೆ ಹಾಯ್ಟ್ ಬಂದಿದ್ದ! ನನಗೆ ಹೇಳದೆ. ವೇದಿಕೆಯ ಮುಂದೆ, ಹಾಕಿಕೊಳ್ಳಲು ಚೀಲದಿಂದ ಬ್ಯಾಡ್ಜ್ ತೆಗೆಯುತ್ತಿದ್ದೆ, ಪಕ್ಕದಲ್ಲಿ ಬಂದು ನಿಂತ. ಟೋಪಿ ಕೈಯಲ್ಲಿ. ಅಳುತ್ತಿದ್ದ.

"ನೀನು ಎದ್ದಿದ್ದು ನೋಡ್ದೆ ವರ್ನಾ. ಎಲ್ಲರಿಗಿಂತ ಮೊದಲು. ನಿನ್ನಂಥೋಳೇ ಕ್ಷಮೆ ಕೇಳೋಕೆ ಹೋಗ್ತಾಳೆ ಅಂದ್ರೆ, ನನಗೇನು ಇಷ್ಟು ಕೊಬ್ಬು ಅನ್ನಿಸ್ತು."

ಬ್ಯಾಡ್ಜನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಪಿನ್ನು ಚುಚ್ಚಿತು.

ಸೆಪ್ಟೆಂಬರ್ 13

ಊಟಕ್ಕೆ ಮುಂಚೆ ಅವನೇ ಪ್ರಾರ್ಥನೆ ಮಾಡಿದ, ತಡವರಿಸುತ್ತಾ. ಓಪಲ್ ಹೆಸರೆತ್ತಿದ. ಎಷ್ಟು ವರ್ಷವಾಗಿತ್ತು ಅವನ ಬಾಯಲ್ಲಿ ಅದು ಕೇಳಿ. ಖುಷಿಯಾಗಬೇಕಿತ್ತು ನನಗೆ. ಮೆಕ್ಕೆಜೋಳದ ಬ್ರೆಡ್ಡನ್ನು ಹಾಗೇ ತಟ್ಟೆಯಲ್ಲಿ ಬಿಟ್ಟು ಎದ್ದೆ.

ನಾಳೆ ಚರ್ಚಿನಲ್ಲಿ ಎದ್ದು ನಿಂತು, ತಾನು ದೇವರ ಕಡೆ ತಿರುಗಿದ್ದು ಹೇಗೆಂದು ಸಾಕ್ಷಿ ಹೇಳುತ್ತಾನಂತೆ. ನಾನು ಎದ್ದಿದ್ದರಿಂದಲೇ ಶುರು ಮಾಡುತ್ತಾನಂತೆ.

ಅವನಿಗೆ ನಿಜ ಹೇಳಿಬಿಡಲೇ ಎಂದು ಕೇಳಲು ಪಾಸ್ಟರ್ ಹೆಂಡತಿಗೆ ಫೋನ್ ಮಾಡಿದೆ. "ಅಯ್ಯೋ ಸುಮ್ನಿರು ವರ್ನಾ! ಬಂದನಲ್ಲ. ಹೇಗೆ ಬಂದ ಅಂತ ಯಾಕೆ ಕೆದಕ್ತೀಯ?"

ಸೆಪ್ಟೆಂಬರ್ 14, ಭಾನುವಾರ. ಬೆಳಿಗ್ಗೆ 8

ಹಾಯ್ಟ್‌ಗೆ ಹೇಳಿಬಿಟ್ಟೆ. ಬ್ಯಾಡ್ಜ್ ತಟ್ಟೆಯ ಪಕ್ಕ ಇಟ್ಟೆ.

"ಅಂದ್ರೆ ಅವರು ಹೇಳಿಕೊಟ್ಟಿದ್ದಕ್ಕೆ ನೀನು ಎದ್ದೆ."

"ಹೂಂ."

"ದಿನಾ?"

"ಹೂಂ."

ಬೆಣ್ಣೆ ಸವರುತ್ತಲೇ ಇದ್ದ. ಆಮೇಲೆ — "ನೀನು ಓಪಲ್‌ಗೋಸ್ಕರ ಎದ್ದೆ ಅಂದ್ಕೊಂಡಿದ್ದೆ ನಾನು."

ಇವತ್ತು ಚರ್ಚಿಗೆ ಹೋಗುವುದಿಲ್ಲ. ಇಬ್ಬರೂ.

ಸಂಜೆ 5:30

ಇವತ್ತು ಕೊನೆಯ ಸಭೆ. ಹಾಯ್ಟ್ ಗಡ್ಡ ಬೋಳಿಸಿಕೊಂಡು ಬಂದ. ಬಾ ಎಂದು ನಾನು ಕೇಳಿರಲಿಲ್ಲ.

"ಬ್ಯಾಡ್ಜ್ ಮನೇಲಿಡು. ಮೇಲ್ಗಡೆ ಸಾಲಲ್ಲಿ ಕೂತ್ಕೊಳ್ಳೋಣ, ಇಬ್ರೂ. ಏಳ್ಬೇಕು ಅನ್ಸಿದ್ರೆ ಏಳು. ಇಲ್ದಿದ್ರೆ ಬೇಡ. ನಾನಂತೂ ಇನ್ನು ನಿನ್ನ ನೋಡಿ ಏಳಲ್ಲ."

ಬ್ಯಾಡ್ಜ್ ಸಕ್ಕರೆ ಡಬ್ಬಿಯ ಹತ್ತಿರ ಇದೆ. ಈ ಒಂಬತ್ತು ವರ್ಷದಲ್ಲಿ ದೇವರ ಹತ್ತಿರ ನನಗಾಗಿ ಏನನ್ನೂ ಕೇಳಿಕೊಂಡಿಲ್ಲ ನಾನು. ಓಪಲ್ ಬಗ್ಗೆಯೂ. ದೇವರ ಮೇಲೆ ಅವನೊಬ್ಬನಿಗೇ ಕೋಪ ಅಂದುಕೊಂಡಿದ್ದೆ.

ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಹಾಡು ಶುರುವಾಗಿ, ಯಾರೂ ಹೇಳಿಕೊಡದೆ, ನನ್ನ ಕಾಲು ಏನಾದರೂ ತಾನಾಗೇ ಎದ್ದರೆ, ಅದು ನನಗಾಗಿ.