ಹಂಡೆಯ ತಳದ ಅರಿಶಿನದ ಕೊಂಬು

ಮೈಸೂರು
ಜಯ ಸಂವತ್ಸರದ ಜ್ಯೇಷ್ಠ ಶುದ್ಧ ದಶಮಿ
ತಾ|| ೧೧–೬–೧೯೫೪

ಚಿರಂಜೀವಿ ಸೌಭಾಗ್ಯವತಿ ಮಂಗಳಮ್ಮನಿಗೆ ಬೆಟ್ಟದ ತಾಯಿಯ ಪೂರ್ಣಾನುಗ್ರಹವಿರಲೆಂದು ಪ್ರಾರ್ಥಿಸಿ ಬರೆಯುವುದೇನೆಂದರೆ,

ನಾನು ಕ್ಷೇಮ. ನಂಜನಗೂಡಿನ ಹವೆಯಲ್ಲಿ ನಿನ್ನ ಮಂಡಿನೋವು ಇಳಿಯಿತೇ? ಬಾಣಂತಿ ಶಾಂತಾದೇವಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿರುವಳೇ? ನಾನಿನ್ನೂ ಮುಖ ಕಾಣದ ನನ್ನ ಮೊಮ್ಮಗಳಿಗೆ ಮೊನ್ನೆಗೆ ತಿಂಗಳು ತುಂಬಿತು. ಇಲ್ಲಿ ಕುಳಿತು ದಿನ ಎಣಿಸುವುದೊಂದೇ ನನ್ನ ಪಾಲಿಗೆ ಉಳಿದಿತ್ತು.

ಇನ್ನು ಉಳಿಯದು. ಗೆದ್ದೆವು, ಮಂಗಳಾ! "ಹಂಡೆಗೆ ಕೊಳದ ನೀರು ತುಂಬಿ ತಳಕ್ಕೆ ಅರಿಶಿನದ ಕೊಂಬು ಹಾಕಿ ನೋಡ್ರಿ. ಕಣ್ಣಿಗೆ ಕಂಡ್ರೆ ಕಾಗದ ಬರೀರಿ. ಅಲ್ಲೀತನಕ ಕೂಸನ್ನ ಈ ಕೇರಿಗೆ ಕರ್ಕೊಂಡು ಬರೋಳಲ್ಲ ನಾನು" ಎಂದು, ಬಸುರಿ ಮಗಳೊಡನೆ ತಂಗಿಯ ಮನೆಗೆ ಹೊರಟು ನಿಂತು ನೀನು ಷರತ್ತು ವಿಧಿಸಿದ್ದೆಯಲ್ಲ, ಆ ಕೊಂಬು ಈ ಬೆಳಗ್ಗೆ ಕಂಡಿತು. ಅದರ ಮೈಮೇಲಿನ ಗೆರೆಗಳೂ ಕಂಡವು.

ಶಿವರಾತ್ರಿ ಕಳೆದ ವಾರ ಬೆಟ್ಟದ ಇಳಿಜಾರು ಮೂರು ದಿನ ಉರಿದದ್ದೂ, ಯುಗಾದಿಯ ನಂತರದ ಮೊದಲ ಮಳೆಗೆ ಆ ಬೂದಿಯೆಲ್ಲ ನಮ್ಮ ಕೊಳಕ್ಕಿಳಿದು ನೀರು ಮಸಿಯಂತಾದದ್ದೂ ನೀನು ಕಂಡದ್ದೇ. ಆಗ ನಾನು ಮಾಡಿದ್ದನ್ನೂ ಕಂಡೆ. ಕೊಳದ ಮೆಟ್ಟಿಲ ಮೇಲೆ ನಿಂತು, ಇದು ದೇವಿಯ ಬೆಟ್ಟದ ಭಸ್ಮ, ಭಸ್ಮೋದಕವು ಸರ್ವಪಾಪಹರವೆಂದು ಅರ್ಧ ತಾಸು ವ್ಯಾಖ್ಯಾನ ಮಾಡಿದೆ. ನಲವತ್ತು ವರ್ಷ ಪಾಠ ಹೇಳಿದ ಬಾಯಿ. ಜನ ನಂಬಿ ಕುಡಿದರು. ನಾಲ್ಕು ಮಕ್ಕಳಿಗೆ ವಾಂತಿಭೇದಿಯಾದಾಗ ನೀನು ಹೊರಟೆ. ಆಗಲೂ ನನ್ನ ಹಟ ಇಳಿದಿರಲಿಲ್ಲ. ಹನ್ನೊಂದು ಮನೆಗಳಿಗೆ ಹಬ್ಬಿದಾಗ ಇಳಿಯಿತು. ದೇವರ ದಯೆ, ಎಲ್ಲ ಮಕ್ಕಳೂ ಉಳಿದವು. ಲಷ್ಕರ್ ಮೊಹಲ್ಲಾದ ನಲ್ಲಿಯಿಂದ ಗಾಡಿಯಲ್ಲಿ ಬರುತ್ತಿದ್ದ ನೀರನ್ನು ಹಿಡಿಯುವುದಕ್ಕೂ ನಾನು ಮನೆಯಿಂದ ಹೊರಬೀಳಲು ನಾಚುತ್ತಿದ್ದೆ.

ಆಗ ಕುರಿ ಸಾಕುವ ಬೋರಮ್ಮ ನಮ್ಮ ಜಗಲಿಗೇ ಬಂದಳು. "ಪಂಡಿತ್ರೇ, ಬೂದಿ ಹಣೇಗಾಯ್ತದೆ, ಹೊಟ್ಟೇಗಾಗಕಿಲ್ಲ ಕಣ್ರೀ. ಸ್ಲೋಕ ಅತ್ಲಾಗ್ ಮಡಗ್ಬುಟ್ಟು ಒಂದ್ ಕಲ್ಲೊತ್ಕೊಂಡು ಬನ್ನಿ!" ಹೋದೆ. ನಾನು ಹೊತ್ತದ್ದನ್ನು ಕಂಡು ಕೇರಿಯೇ ಕಲ್ಲು ಹೊತ್ತಿತು. ಅವಳು ತೋರಿಸಿದಂತೆ, ಬೆಟ್ಟದಿಂದ ಕೊಳಕ್ಕಿಳಿಯುವ ಹಳ್ಳಕ್ಕೆ ಅಡ್ಡಲಾಗಿ ಏಳು ಸಾಲು ಕಲ್ಲು ಜೋಡಿಸಿ, ಅವುಗಳಿಗೆ ಮುಳ್ಳುಕಂಟಿ ಒತ್ತಿ, ಕೊಳಕ್ಕೆ ಮುನ್ನ ಕೆಸರಿಳಿಯಲು ಗುಂಡಿ ತೋಡಿದೆವು. ಕೊಳವನ್ನು ಬರಿದು ಮಾಡಿ ಹೂಳೆತ್ತಿದೆವು. ಸುಟ್ಟ ಇಳಿಜಾರಿನಲ್ಲಿ ಚಿಗುರಿದ ಎಳೆ ಹುಲ್ಲು ಕುರಿಯವರ ಹಕ್ಕೆಂಬುದು ಇಲ್ಲಿನ ರೂಢಿ. ಅವಳೋ, "ಬೇರು ಮಣ್ಣ ಇಡ್ಕಳ್ಳೋಗಂಟ ನನ್ ಕುರಿ ಬೆಟ್ಟ ಅತ್ತಕಿಲ್ಲ" ಎಂದು ಮಂದೆಯನ್ನು ದೂರದ ಬಯಲಿಗೆ ಅಟ್ಟಿದಳು. ಅಂಥ ತ್ಯಾಗವನ್ನು ನಾನು ಪುರಾಣದಲ್ಲಿ ಓದಿ ಹೇಳಿದ್ದೆನೇ ಹೊರತು ಕಂಡಿರಲಿಲ್ಲ.

ನಿನ್ನೆ ಮಧ್ಯಾಹ್ನ ದೊಡ್ಡ ಮಳೆ. ಗೋಣಿ ಹೊದ್ದು ಕೇರಿಗೆ ಕೇರಿಯೇ ಹಳ್ಳದ ದಡದಲ್ಲಿ ನಿಂತಿತು. ಮೊದಲ ಸಾಲಿನಲ್ಲಿ ಕಾಡಿಗೆಯಂಥ ನೀರು. ನಾಲ್ಕನೆಯದರಲ್ಲಿ ಕಾಫಿಯ ಬಣ್ಣ. ಗುಂಡಿ ತುಂಬಿ ಕೊಳಕ್ಕೆ ಚೆಲ್ಲಿದ್ದು ತಿಳಿ! ಎದ್ದ ಕೇಕೆಯಲ್ಲಿ ಎಲ್ಲಕ್ಕಿಂತ ದೊಡ್ಡ ದನಿ, ಪಂಚೆ ಎತ್ತಿ ಕಟ್ಟಿ ನಿಂತಿದ್ದ ನಿನ್ನ ಗಂಡನದೆಂದು ಬೋರಮ್ಮನೇ ಸಾಕ್ಷಿ ಹೇಳುವಳು. ಆದರೂ ಕುಡಿಯುವ ನೀರನ್ನು ಸೋಸಿ ಕುದಿಸಿಯೇ ಕೊಡುವೆ, ಹೆದರಬೇಡ. ಬುಧವಾರ ದಿನ ಚೆನ್ನಾಗಿದೆ, ಹೊರಟು ಬಾ.

ಶಾಂತೆಗೂ ಕೂಸಿಗೂ ಈ ಮುದುಕನ ನೂರು ಆಶೀರ್ವಾದ. ನಿನ್ನ ತಂಗಿಯ ಮನೆಯವರೆಲ್ಲರಿಗೂ ನನ್ನ ಕೃತಜ್ಞತೆ.

ಇತಿ,
ನಂಜುಂಡಸ್ವಾಮಿ

ವಿ.ಸೂ.: ಮರೆತಿದ್ದೆ. ಅಲ್ಲ, ಬರೆಯಲು ನಾಚಿದ್ದೆ. ನೀನು ಹೊರಡುವ ದಿನ, ಹುಟ್ಟುವ ಕೂಸಿನ ನಾಲಿಗೆಗೆಂದು ಆ ಬೂದಿನೀರನ್ನೇ ಬೆಳ್ಳಿಯ ಗಿಂಡಿಯಲ್ಲಿ ತುಂಬಿ ನಿನ್ನ ಗಂಟಿನೊಳಗೆ ಗುಟ್ಟಾಗಿ ಇರಿಸಿದ್ದೆ. ಇನ್ನೂ ಚೆಲ್ಲದಿದ್ದರೆ ಈ ಕ್ಷಣವೇ ಚೆಲ್ಲು. ನಿನ್ನನ್ನು ಬಲ್ಲೆ, ಅಂದೇ ಚೆಲ್ಲಿರುವೆ. ಬರಿಯ ಗಿಂಡಿಯನ್ನು ಮಾತ್ರ ಮರೆಯದೆ ತಾ: ನಮ್ಮ ಮನೆಯಲ್ಲಿ ಕೂಸಿನ ಮೊದಲ ಸ್ನಾನಕ್ಕೆ ಅದರಲ್ಲಿ ನೀರು ಮೊಗೆದು ಹಾಕುವವಳು ಬೋರಮ್ಮ. ಕೇರಿಯವರೆಲ್ಲರ ಮುಂದೆ ಮಾತು ಕೊಟ್ಟಿದ್ದೇನೆ.