ಅಣ್ಣನ ಕಾರಿನಡಿಗೆ ಗೀರು

೧೩ ಫೆಬ್ರವರಿ ೨೦೧೬, ಶನಿವಾರ

ಅಣ್ಣ ಮೊದಲ ಸಲ ತನ್ನ ಕಾರನ್ನು ನನ್ನ ಕೈಗೆ ಕೊಟ್ಟಿದ್ದ. ಅದನ್ನು ನೆಲ ಸವರುವಷ್ಟು ತಗ್ಗಿಸಿಟ್ಟಿದ್ದಾನೆ. ಸರ್ವೀಸ್ ಮಾಡಿಸಿ ತರುವಾಗ ಅಡಿಗೆ ಒಂದು ಗೀರು ಬಿದ್ದರೂ ಇನ್ನು ಕೀ ಮುಟ್ಟುವ ಹಾಗಿಲ್ಲ ಎಂದಿದ್ದ. ಶೋರೂಮಿನವರಿಗೆ ಕೊಡಲು ಇಂಗ್ಲಿಷಿನಲ್ಲಿ ಎರಡು ಪುಟ ಇನ್‌ಸ್ಟ್ರಕ್ಷನ್ಸ್ ಬರೆದಿದ್ದೆ. ಅಲ್ಲಿ ಆ ಹಾಳೆ ಹೊರತೆಗೆಯಲು ನಾಚಿಕೆಯಾಯಿತು. ಜೊತೆಗೆ ಬಂದಿದ್ದ ನಮ್ಮ ತೋಟದ ಆಳು ಕೇಳಣ್ಣ, ತಾನು ತಂದಿದ್ದ ಎರಡು ಹಲಗೆಗಳನ್ನು ರ್‍ಯಾಂಪಿಗೆ ಹಾಸಿ, "ಮೆಲ್ಲ ಬಾ ಮೋಳೆ, ಗಬ್ಬದ ಹಸು ಹತ್ತಿಸೋ ಹಂಗೆ" ಎಂದ, ಮಗಳೇ ಎನ್ನುವ ಮಲಯಾಳಿ ಅಕ್ಕರೆಯಲ್ಲಿ. ಮೆಕ್ಯಾನಿಕ್ಕುಗಳೂ ನಕ್ಕು, ಅದೇ ಹಲಗೆಗಳ ಮೇಲೆ ಇಳಿಸಿಕೊಟ್ಟರು.

ವಾಪಸು ಬರುವಾಗ ರಸ್ತೆಯ ಒಂದು ಹಂಪಿನ ಮೇಲೆ ಕರ್ ಎಂದು ಸದ್ದಾಯಿತು. ಇಳಿದು ನೋಡುವ ಧೈರ್ಯ ಬರಲಿಲ್ಲ.

ದಾರಿಯಲ್ಲಿ, ಕಾಟ್ಟಿಕುಳದಲ್ಲಿ, ಮಾವೋವಾದಿಗಳಿಗಾಗಿ ಪೊಲೀಸ್ ಚೆಕಿಂಗ್. ಪೊಲೀಸರ ಕೋಲಿನ ತುದಿಯ ಕನ್ನಡಿ ಕಾರಿನಡಿ ತೂರಲೇ ಇಲ್ಲ. ಒಬ್ಬರು ಟಾರ್ಚ್ ಹಿಡಿದು ರಸ್ತೆಯ ಮೇಲೇ ಮಲಗಿದರು.

"ಅದರಡಿ ಇಲಿಯೂ ಅಡಗಲ್ಲ ಸಾರೇ," ಎಂದ ಕೇಳಣ್ಣ.

"ಗೀರು ಇದೆಯಾ ಸಾರ್?" ಎಂದು ನಾನು ಕೇಳಿಯೇಬಿಟ್ಟೆ.

"ಒಂದೂ ಇಲ್ಲ," ಎಂದರು ಅಡಿಯಿಂದಲೇ.

ಹಾಗಾದರೆ ಹಂಪಿನ ಮೇಲೆ ಸದ್ದು ಮಾಡಿದ್ದು ಹಿಂದಿನ ಸೀಟಿನಲ್ಲಿದ್ದ ಹಲಗೆಗಳು. ಮನೆವರೆಗೂ ನಗುತ್ತಲೇ ಓಡಿಸಿದೆ. ಅಣ್ಣ ಇನ್ನೂ ಕೀ ಕೇಳಿಲ್ಲ. ನಾನಾಗಿ ಕೊಡುವುದೂ ಇಲ್ಲ, ದಿಂಬಿನಡಿ ಇದೆ. ನಾಳೆ ತೋಲ್ಪೆಟ್ಟಿಯವರೆಗೆ ಒಂದೇ ಒಂದು ಸಲ ಓಡಿಸಿಕೊಂಡು ಬರುತ್ತೇನೆ.